ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ

(ಹೋದ ತಿಂಗಳು ನಮ್ಮೂರಿನ ಓದುಗರ ಬಳಗದಲ್ಲಿ ಆಡಿದ ಮಾತು ಇದು. ಅಲ್ಲಿ ಚೀಟಿ ನೋಡಿಕೊಂಡು ಮಾತಾಡಿದ್ದನ್ನು ಮನೆಗೆ ಬಂದು ಬರೆದಿದ್ದೇನೆ. ಅವಸರದಲ್ಲಿ ಒಂದೆರಡು ಕಡೆ ತಪ್ಪಿ ಹೇಳಿದ್ದನ್ನು ಸರಿ ಮಾಡಿದ್ದೇನೆ. ಮೈಕಿನ ಗೊರಗೊರ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಇದೆ. ಮುಂದಿನ ಸಾಲಿನವರು ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಸೀಮೆಸುಣ್ಣ ತಂದಿದ್ದೇನೆ. ಟೈಲರ್ ಹತ್ತಿರ ಟೇಪೂ ಕೇಳಿ ತಂದಿದ್ದೇನೆ. ಟೇಪು ಐದೇ ಅಡಿಯದ್ದು, ಎರಡು ಸಲ ಇಡಬೇಕು. ಇಲ್ಲಿಂದ ಇಲ್ಲಿಗೆ ಒಂಬತ್ತು ಅಡಿ. ಇಲ್ಲಿಂದ ಇಲ್ಲಿಗೆ ಏಳು ಅಡಿ. ಆಯಿತು. ಈ ಗೆರೆ ಹಾಗೇ ಇರಲಿ, ಆಮೇಲೆ ಇದರ ಹತ್ತಿರ ಬರುತ್ತೇನೆ.

ಇವತ್ತಿನ ವಿಷಯ, ಹೆಂಗಸರು ತಮ್ಮ ಮೇಲೆ ಆದದ್ದನ್ನು ತಾವೇ ಬರೆಯುವುದು. ಕರೆಯೋಲೆಯಲ್ಲಿ 'ಆಘಾತ ಮತ್ತು ಆತ್ಮಕಥೆ' ಅಂತ ಅಚ್ಚಾಗಿದೆ. ಆಘಾತ ಅನ್ನೋ ಪದವನ್ನು ನಮ್ಮ ಮನೆಗಳಲ್ಲಿ ಯಾರೂ ಆಡುವುದಿಲ್ಲ. ಹೃದಯಾಘಾತ ಅಂತ ಪೇಪರಿನಲ್ಲಿ ಓದುತ್ತೇವೆ, ಅಷ್ಟೇ. ನಮ್ಮ ಮನೆಗಳ ಮಾತು ಬೇರೆ. 'ಹೊಟ್ಟೆಗೆ ಹಾಕ್ಕೋ.' 'ನುಂಗ್ಕೊಂಡು ಹೋಗು.' 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.' ನೋಡಿ, ಎಲ್ಲಾ ಊಟದ ಮಾತೇ. ಊರಿಗೆಲ್ಲ ಬೇಯಿಸಿ ಬಡಿಸಿದವಳು ಕೊನೆಗೆ ಇದನ್ನೂ ಉಣ್ಣಬೇಕು.

ವಿಜಯಾ ಅವರು ತಮ್ಮ ಆತ್ಮಕಥೆಗೆ 'ಕುದಿ ಎಸರು' ಅಂತ ಹೆಸರಿಟ್ಟರು. 2019ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಸರು ಅಂದರೆ ಗೊತ್ತಲ್ಲ, ಅಕ್ಕಿಯೋ ಹಿಟ್ಟೋ ಹಾಕುವ ಮೊದಲು ಒಲೆಯ ಮೇಲೆ ಮರಳುವ ನೀರು. ಅದನ್ನು ಯಾರೂ ನುಂಗಲಾರರು, ಬಾಯಿ ಸುಡುತ್ತದೆ. ಆ ಹೆಸರು ಓದಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಊಟದ ಮಾತು ಬಂತು ಅಂತ ಹೇಳುತ್ತೇನೆ. ಬಂಗಾಳದಲ್ಲಿ ರಾಸಸುಂದರಿ ದೇವಿ ಅಂತ ಒಬ್ಬ ಹೆಂಗಸು ಇದ್ದಳು. ಹತ್ತೊಂಬತ್ತನೇ ಶತಮಾನದವಳು. ಹನ್ನೆರಡು ವರ್ಷಕ್ಕೆ ಮದುವೆ. ಹನ್ನೆರಡು ಮಕ್ಕಳು, ಅದರಲ್ಲಿ ಏಳು ಅವಳ ಕಣ್ಣೆದುರೇ ಹೋದವು. ಓದು ಬಾರದು, ಓದಬಾರದು ಕೂಡ. ಮನೆಯಲ್ಲಿದ್ದ ಚೈತನ್ಯ ಭಾಗವತದ ಒಂದು ಹಾಳೆಯನ್ನು ಕದ್ದು, ಮಗ ಅಕ್ಷರ ತಿದ್ದುತ್ತಿದ್ದ ಒಂದು ತಾಳೆಗರಿಯನ್ನೂ ಕದ್ದು, ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಎರಡನ್ನೂ ಹೋಲಿಸಿ ಹೋಲಿಸಿ ಓದು ಕಲಿತಳು. ಆಮೇಲೆ 'ಆಮಾರ್ ಜೀಬನ್' ಅಂತ ತನ್ನ ಕತೆ ಬರೆದಳು. ಬಂಗಾಳಿಯ ಮೊದಲ ಪೂರ್ಣ ಆತ್ಮಕಥೆ ಅಂತ ಅದನ್ನು ಕರೆಯುತ್ತಾರೆ.

ಅದರಲ್ಲಿ ಒಂದು ಪ್ರಸಂಗ ಇದೆ. ಎಲ್ಲರಿಗೂ ಬಡಿಸಿ ತಾನು ಕೂರುವ ಹೊತ್ತಿಗೆ ಅತಿಥಿ ಬರುತ್ತಾನೆ. ತನ್ನ ಪಾಲಿನ ಅನ್ನ ಅವನಿಗೆ ಹೋಗುತ್ತದೆ. ರಾತ್ರಿ ಮತ್ತೆ ಬೇಯಿಸಿ, ಬಡಿಸಿ, ಕೂರುತ್ತಾಳೆ. ಮಕ್ಕಳು ಏಳುತ್ತವೆ. ಗಾಳಿ ಮಳೆಗೆ ದೀಪ ಆರುತ್ತದೆ. ತೊಡೆಯ ಮೇಲಿದ್ದ ಕೂಸು ತಟ್ಟೆಯ ಅನ್ನಕ್ಕೆ ಉಚ್ಚೆ ಹೊಯ್ಯುತ್ತದೆ. ಹೀಗೆ ಉಪವಾಸ ಮರುದಿನಕ್ಕೂ ಮುಂದುವರಿಯುತ್ತದೆ. ಆಕೆ 'ಅಯ್ಯೋ ನನ್ನ ಕಷ್ಟವೇ' ಅಂತ ಕೂರುವುದಿಲ್ಲ. ಆಗ ಇದಾಯಿತು, ಆಮೇಲೆ ಅವರು ಬಂದರು, ಆಮೇಲೆ ಇದಾಯಿತು ಅಂತ ಪಟ್ಟಿ ಒಪ್ಪಿಸುತ್ತಾಳೆ. ಅದೇ ಪುಸ್ತಕದಲ್ಲಿ ಇನ್ನೊಂದು ಕಡೆ, ಅಂಗಳದಲ್ಲಿ ಗಂಡನ ಕುದುರೆ ನಿಂತಿತ್ತು, ಯಜಮಾನರ ಕುದುರೆ ಎದುರಿಗೆ ಹೇಗೆ ಮುಖ ತೋರಿಸುವುದು ಅಂತ ನಾಚಿ ಒಳಗೇ ಇದ್ದೆ ಅಂತ ಬರೆಯುತ್ತಾಳೆ. ನಗು ಬಂತು ಅಲ್ವಾ? ನನಗೂ ಬಂತು. ನಕ್ಕ ಮೇಲೆ ಪುಟ ತಿರುಗಿಸೋಕೆ ಸ್ವಲ್ಪ ಹೊತ್ತು ಹಿಡಿಯಿತು.

ಈ ಪಟ್ಟಿ ಒಪ್ಪಿಸುವ ಬರವಣಿಗೆಯನ್ನು ನಾನು ಮೊದಲು ಕಂಡದ್ದು ಯಾವ ದೊಡ್ಡ ಪುಸ್ತಕದಲ್ಲೂ ಅಲ್ಲ. ನಮ್ಮ ಅಜ್ಜಿಯ ಹಾಲಿನ ಲೆಕ್ಕದಲ್ಲಿ. ಅಜ್ಜಿ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತು. ದಾರದಲ್ಲಿ ಹೊಲಿದದ್ದು, ಅಂಚೆಲ್ಲ ಗೆದ್ದಲು ತಿಂದದ್ದು. ದಿನಕ್ಕೊಂದು ಸಾಲು. 'ಹಾಲು ಒಂದೂವರೆ ಸೇರು.' 'ಹಾಲು ಒಂದೂವರೆ ಸೇರು.' ತಿಂಗಳುಗಟ್ಟಲೆ ಹೀಗೇ. ಒಂದು ಆಷಾಢದ ದಿನ 'ಹಾಲು ಒಂದು ಸೇರು' ಅಂತ ಇದೆ. ಅಲ್ಲಿಂದ ಮುಂದಕ್ಕೆ ಒಂದು ಸೇರೇ. ಅಕ್ಷರ ಮೊದಲಿನಷ್ಟೇ ದುಂಡಗೆ, ಸಾಲು ನೆಟ್ಟಗೆ.

ನಮ್ಮಮ್ಮನಿಗಿಂತ ಮೊದಲು ಅಜ್ಜಿಗೆ ಒಂದು ಹೆಣ್ಣುಮಗು ಇತ್ತು. ಒಂದು ವರ್ಷ ದಾಟಿದ ಮೇಲೆ ಜ್ವರದಲ್ಲಿ ಹೋಯಿತು, ಆಷಾಢದಲ್ಲಿ. ಅಜ್ಜಿ ಅದರ ಹೆಸರೆತ್ತಿದ್ದನ್ನು ನಾವ್ಯಾರೂ ಕೇಳಿಲ್ಲ.

ಪುಸ್ತಕ ತಂದು ಸೋದರಮಾವನಿಗೆ ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡು ಎರಡೂ ಪುಟ ನೋಡಿದರು. 'ಹಾಲಿನವಳ ಹಸು ಬತ್ತಿರಬೇಕು ಕಣೇ. ಸುಮ್ನೆ ಕತೆ ಕಟ್ಟಬೇಡ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬತ್ತಿದ್ದರೂ ಬತ್ತಿರಬಹುದು. ಈ ಮಾತನ್ನೂ ನೆನಪಿಟ್ಟುಕೊಳ್ಳಿ. ಯಾಕೆಂದರೆ ನಾನು ಈಗ ಹೇಳಲಿರುವ ಹೆಂಗಸಿಗೆ ನೂರು ವರ್ಷಕ್ಕೂ ಜಾಸ್ತಿ ಕಾಲ ದೊಡ್ಡ ದೊಡ್ಡ ವಿದ್ವಾಂಸರು ಹೇಳಿದ್ದೂ ಇದನ್ನೇ. ಹಸು ಬತ್ತಿರಬೇಕು.

ಅವಳ ಹೆಸರು ಹ್ಯಾರಿಯೆಟ್ ಜೇಕಬ್ಸ್. ಅಮೆರಿಕದ ನಾರ್ತ್ ಕ್ಯಾರೊಲಿನಾದ ಈಡನ್‌ಟನ್ ಅನ್ನೋ ಊರಿನಲ್ಲಿ 1813ರಲ್ಲಿ ಹುಟ್ಟಿದಳು, ಜೀತದವರ ಮಗಳಾಗಿ. ನಮ್ಮ ಜೀತ ಅನ್ನೋ ಪದ ಸಾಲದು, ಅಲ್ಲಿ ಮನುಷ್ಯರನ್ನು ದನದ ಹಾಗೆ ಮಾರುತ್ತಿದ್ದರು, ಉಯಿಲಿನಲ್ಲಿ ಬರೆದು ಕೊಡುತ್ತಿದ್ದರು. ಆರು ವರ್ಷದವಳಿದ್ದಾಗ ತಾಯಿ ಸತ್ತಳು. ತಾನು ಇನ್ನೊಬ್ಬರ ಸ್ವತ್ತು ಅಂತ ಅವಳಿಗೆ ಗೊತ್ತಾದದ್ದೇ ಆಗ. ಅವಳ ಒಡತಿ ಓದು, ಹೊಲಿಗೆ ಕಲಿಸಿದಳು. ಸಾಯುವಾಗ ಮಾತ್ರ ಇವಳನ್ನು ಬಿಡುಗಡೆ ಮಾಡಲಿಲ್ಲ, ತನ್ನ ಒಡಹುಟ್ಟಿದವಳ ಪುಟ್ಟ ಮಗಳಿಗೆ ಬರೆದಿಟ್ಟಳು. ಆ ಕೂಸಿನ ಅಪ್ಪ ಡಾಕ್ಟರ್ ಜೇಮ್ಸ್ ನಾರ್ಕಮ್. ಹೀಗೆ ಹನ್ನೆರಡರ ಆಸುಪಾಸಿನ ಹುಡುಗಿ ಅವನ ಮನೆ ಸೇರಿದಳು.

ಹದಿನೈದು ತುಂಬುವ ಹೊತ್ತಿಗೆ ಡಾಕ್ಟರು ಕಿವಿಯಲ್ಲಿ ಹೊಲಸು ಮಾತು ಪಿಸುಗುಟ್ಟಲು ಶುರು ಮಾಡಿದ. ಓದು ಬರುತ್ತದೆ ಅಂತ ಗೊತ್ತಾದ ಮೇಲೆ ಚೀಟಿ ಬರೆದು ಕೈಗೆ ಕೊಡುತ್ತಿದ್ದ. ಓದು ಕಲಿತದ್ದಕ್ಕೆ ಸಿಕ್ಕ ಮೊದಲ ಬಹುಮಾನ ಅದು. ಊರ ಹೊರಗೆ ಅವಳಿಗೊಂದು ಬೇರೆ ಮನೆ ಕಟ್ಟಿಸಲು ಹೊರಟ. ಅವಳು ಅವನ ಕೈಯಿಂದ ತಪ್ಪಿಸಿಕೊಳ್ಳಲು ಊರಿನ ಇನ್ನೊಬ್ಬ ಬಿಳಿಯ ವಕೀಲನ ಜೊತೆ ಸಂಬಂಧ ಬೆಳೆಸಿದಳು. ಇಬ್ಬರು ಮಕ್ಕಳಾದರು. ಇದು ಸರಿಯೋ ತಪ್ಪೋ ಅನ್ನುವವರಿಗೆ ಅವಳು ಪುಸ್ತಕದಲ್ಲೇ ಉತ್ತರ ಕೊಟ್ಟಿದ್ದಾಳೆ. ಕಾನೂನು ನಿಮ್ಮನ್ನು ಕಾಯ್ದಿತ್ತು, ನನ್ನನ್ನು ಕಾಯಲಿಲ್ಲ, ಹಾಗಿರುವಾಗ ನಿಮ್ಮ ಅಳತೆಗೋಲಿನಲ್ಲಿ ನನ್ನನ್ನು ಅಳೆಯಬೇಡಿ ಅನ್ನುವುದು ಅದರ ತಿರುಳು.

1835ರಲ್ಲಿ ಅವಳು ಓಡಿಹೋದಳು. ಡಾಕ್ಟರು ಪೇಪರಿನಲ್ಲಿ ಜಾಹೀರಾತು ಹಾಕಿಸಿದ. ಹಿಡಿದುಕೊಟ್ಟವರಿಗೆ 100 ಡಾಲರ್ ಇನಾಮು. ಬಣ್ಣ ಇಂಥದ್ದು, ಕೂದಲು ಗುಂಗುರು, ಎತ್ತರ ಸುಮಾರು ಐದು ಅಡಿ ನಾಲ್ಕು ಇಂಚು.

ಈಗ ಈ ಗೆರೆಯ ಹತ್ತಿರ ಬನ್ನಿ. ಅವಳ ಅಜ್ಜಿ ಬಿಡುಗಡೆ ಪಡೆದವಳು, ರೊಟ್ಟಿ ಬಿಸ್ಕತ್ತು ಸುಟ್ಟು ಮಾರಿ ಅದೇ ಊರಿನಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದಳು. ಆ ಮನೆಗೆ ಹೊಂದಿಕೊಂಡ ಒಂದು ಕೊಟ್ಟಿಗೆಯಂಥ ಕೋಣೆ. ಅದರ ಮಾಡಿನ ಕೆಳಗೆ ಒಂದು ಅಟ್ಟ. ಅದರ ಅಳತೆಯನ್ನು ಹ್ಯಾರಿಯೆಟ್ ಕೊಡುತ್ತಾಳೆ. ಉದ್ದ ಒಂಬತ್ತು ಅಡಿ, ಅಗಲ ಏಳು ಅಡಿ. ಎತ್ತರ, ತೀರಾ ಎತ್ತರದ ಜಾಗದಲ್ಲಿ, ಮೂರು ಅಡಿ. ಅಲ್ಲಿಂದ ಮಾಡು ಇಳಿಜಾರು. ಮೂರು ಅಡಿ ಅಂದರೆ ಈ ಮೇಜಿಗಿಂತ ಒಂದು ಗೇಣಿನಷ್ಟೂ ಜಾಸ್ತಿ ಇಲ್ಲ. ಐದು ಅಡಿ ನಾಲ್ಕು ಇಂಚಿನ ಹೆಂಗಸು ಅದರೊಳಗೆ ಸುಮಾರು ಏಳು ವರ್ಷ ಇದ್ದಳು.

ನಿಮ್ಮಲ್ಲಿ ಯಾರೂ ಈ ಗೆರೆ ತುಳಿಯುತ್ತಿಲ್ಲ, ಗಮನಿಸಿದಿರಾ? ನಾನು ತುಳಿಯಬೇಡಿ ಅಂತ ಹೇಳಿಲ್ಲ.

ಅಟ್ಟದಲ್ಲಿ ಮಗ್ಗುಲು ಬದಲಿಸಿದರೆ ಮಾಡು ತಾಗುತ್ತಿತ್ತು. ಬೆಳಕಿಲ್ಲ, ಗಾಳಿಯಿಲ್ಲ. ಹಾಸಿಗೆಯ ಮೇಲೆ ಇಲಿ ಓಡಾಡುತ್ತಿದ್ದವು. ಒಂದು ದಿನ ತೆವಳುವಾಗ ತಲೆಗೆ ಏನೋ ಬಡಿಯಿತು. ಬಡಗಿ ಕೆಲಸದ ಸೋದರಮಾವ ಬಾಗಿಲು ಕೂರಿಸುವಾಗ ಮರೆತುಬಿಟ್ಟ ಬೈರಿಗೆ. ಅದರಲ್ಲಿ ಹಲಗೆಗೆ ಮೂರು ಸಾಲು ತೂತು ಕೊರೆದು, ನಡುವಿನದನ್ನು ಕೆತ್ತಿ ಒಂದು ಕಿಂಡಿ ಮಾಡಿಕೊಂಡಳು. ಅದರ ಅಳತೆಯೂ ಇದೆ. ಒಂದು ಇಂಚು ಉದ್ದ, ಒಂದು ಇಂಚು ಅಗಲ. ನಮ್ಮ ಕನಕನ ಕಿಂಡಿಯಲ್ಲಿ ಕೃಷ್ಣ ಕಾಣುತ್ತಾನೆ. ಇವಳ ಕಿಂಡಿಯಲ್ಲಿ ಮೊದಲು ಕಂಡ ಪರಿಚಯದ ಮುಖ ಆ ಡಾಕ್ಟರನದ್ದೇ. ಬೀದಿಯಲ್ಲಿ ಹೋಗುತ್ತಿದ್ದ.

ಕೆಳಗೆ ಅವಳ ಮಕ್ಕಳು ಆಡುತ್ತಿದ್ದರು. ಅಮ್ಮ ತಲೆಯ ಮೇಲೇ ಇದ್ದಾಳೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕ್ರಿಸ್ಮಸ್‌ಗೆ ಅವರಿಗೆ ಹೊಸ ಬಟ್ಟೆಯನ್ನು ಅವಳು ಆ ಅಟ್ಟದಲ್ಲೇ ಹೊಲಿದಳು. ಡಾಕ್ಟರನಿಗೆ ಕಾಗದವನ್ನೂ ಅಲ್ಲಿಂದಲೇ ಬರೆದಳು. ನ್ಯೂಯಾರ್ಕ್ ಅಂತ ಮೇಲೆ ಬರೆದು, ನಂಬಿಕಸ್ಥರ ಕೈಯಲ್ಲಿ ಕಳಿಸಿ, ನ್ಯೂಯಾರ್ಕಿನಲ್ಲೇ ಅಂಚೆಗೆ ಹಾಕಿಸಿದಳು. ಅವನು ಆ ಕಾಗದ ಹಿಡಿದು ಅಜ್ಜಿಯ ಮನೆಗೆ ಬಂದ. ತನಗೆ ಬೇಕಾದ ಹಾಗೆ ತಿದ್ದಿ ಓದಿ ಹೇಳಿದ. ಕಾಗದ ಬರೆದವಳು ಅದೇ ಮನೆಯಲ್ಲಿ ಕೂತು ಅವನ ಸುಳ್ಳನ್ನು ಕೇಳಿಸಿಕೊಂಡಳು. ಅವಳು ಬರೆದ ಮೊದಲ ಕತೆ ಇದೇ ಅಂತ ನನಗೆ ಅನ್ನಿಸುತ್ತದೆ. ಓದುಗ ಒಬ್ಬನೇ, ಅವನನ್ನು ಎತ್ತ ಬೇಕೋ ಅತ್ತ ತಿರುಗಿಸಿದಳು.

1842ರಲ್ಲಿ ಹಡಗು ಹತ್ತಿ ತಪ್ಪಿಸಿಕೊಂಡಳು. ನ್ಯೂಯಾರ್ಕಿನಲ್ಲಿ ಒಬ್ಬ ಹೆಸರಾಂತ ಪತ್ರಕರ್ತನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. 1852ರಲ್ಲಿ ಆ ಮನೆಯೊಡತಿ 300 ಡಾಲರ್ ಕೊಟ್ಟು ಅವಳನ್ನು ಬಿಡಿಸಿದಳು. ತನ್ನನ್ನು ಇನ್ನೊಮ್ಮೆ ಮಾರಿದರಲ್ಲ ಅನ್ನೋ ಕಹಿಯನ್ನು ಅವಳು ಮುಚ್ಚಿಡಲಿಲ್ಲ.

ಇನ್ನು ಬರೆಯುವ ಮಾತು. ಏಮಿ ಪೋಸ್ಟ್ ಅನ್ನೋ ಗೆಳತಿ, ನಿನ್ನ ಕತೆ ಬರಿ ಅಂತ ಬೆನ್ನು ಹತ್ತಿದ್ದಳು. ಇವಳಿಗೆ ಧೈರ್ಯ ಸಾಲದು. ಆಗ 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಮನೆಮಾತು. ಅವಳು ಸಹಾಯ ಮಾಡಬಹುದು ಅಂತ ಗೆಳತಿಯ ಕೈಯಲ್ಲಿ ಕಾಗದ ಬರೆಸಿದಳು. ಸ್ಟೋವ್ ಏನು ಮಾಡಿದಳು ಗೊತ್ತಾ? ಆ ಕಾಗದವನ್ನು ಇವಳ ಯಜಮಾನಿತಿಗೆ ಕಳಿಸಿ, 'ಇದೆಲ್ಲ ನಿಜವೇ?' ಅಂತ ಕೇಳಿದಳು. ಮಕ್ಕಳು ಹೇಗೆ ಹುಟ್ಟಿದರು ಅನ್ನುವುದನ್ನು ಇವಳು ಆ ಯಜಮಾನಿತಿಗೆ ಅದುವರೆಗೆ ಹೇಳಿರಲಿಲ್ಲ. ನಿಜವಾದರೆ ತನ್ನದೇ ಇನ್ನೊಂದು ಪುಸ್ತಕದಲ್ಲಿ ಸೇರಿಸಿಕೊಳ್ಳುತ್ತೇನೆ ಅಂತಲೂ ಸ್ಟೋವ್ ಅಂದಳು. ಒಳ್ಳೆಯವಳೇ, ಜೀತದ ವಿರುದ್ಧ ಬರೆದವಳೇ. ಆದರೂ ಕೈಗೆ ಬಂದ ಇನ್ನೊಬ್ಬಳ ನೋವು ಅವಳಿಗೆ ಸರಕಿನ ಹಾಗೆ ಕಂಡಿತು. ಇಂಥ ಒಳ್ಳೆಯವರನ್ನು ನಾನೂ ಕಂಡಿದ್ದೇನೆ. ಒಂದೆರಡು ಸಲ ನಾನೇ ಹಾಗಾಗಿದ್ದೇನೆ.

ಆ ಸಿಟ್ಟಿನಲ್ಲೇ ಇರಬೇಕು, ಹ್ಯಾರಿಯೆಟ್ ತಾನೇ ಬರೆಯಲು ಕೂತಳು. ಹಗಲೆಲ್ಲ ಬೇರೆಯವರ ಮಕ್ಕಳನ್ನು ಆಡಿಸಿ, ರಾತ್ರಿ ಕದ್ದು ಬರೆದಳು. ಪುಸ್ತಕ 1861ರಲ್ಲಿ ಬಂತು. ಲಿಂಡಾ ಬ್ರೆಂಟ್ ಅನ್ನೋ ಸುಳ್ಳು ಹೆಸರಿನಲ್ಲಿ. ಡಾಕ್ಟರನಿಗೂ ಬೇರೆ ಹೆಸರು. ಮುನ್ನುಡಿಯ ಮೊದಲ ಮಾತೇ, ಓದುಗರೇ, ಇದು ಕಟ್ಟುಕತೆಯಲ್ಲ ಅಂತ. ಹಾಗೆ ಹೇಳಿದರೂ ನಂಬಲಿಲ್ಲ. ಹಸ್ತಪ್ರತಿ ತಿದ್ದಿಕೊಟ್ಟ ಲಿಡಿಯಾ ಮರಿಯಾ ಚೈಲ್ಡ್ ಬಿಳಿಯ ಲೇಖಕಿ, ಹಾಗಾದರೆ ಅವಳೇ ಬರೆದ ಕಾದಂಬರಿ ಇದು ಅಂದರು. ಜೀತದವಳು ಇಷ್ಟು ಚೆನ್ನಾಗಿ ಬರೆಯಲಾರಳು, ಏಳು ವರ್ಷ ಅಟ್ಟದಲ್ಲಿ ಯಾರಾದರೂ ಬದುಕುತ್ತಾರಾ ಅಂದರು. 1970ರ ದಶಕದಲ್ಲೂ ಇತಿಹಾಸಕಾರರು ಇದನ್ನು ಪಕ್ಕಕ್ಕೆ ಸರಿಸಿದ್ದರು. ಕೊನೆಗೆ ಜೀನ್ ಫೇಗನ್ ಯೆಲಿನ್ ಅನ್ನೋ ಅಧ್ಯಾಪಕಿ ಹ್ಯಾರಿಯೆಟ್ ತನ್ನ ಗೆಳತಿಗೆ ಬರೆದ ಕಾಗದಗಳನ್ನು ಹುಡುಕಿ, ಹೆಸರು ಹೆಸರನ್ನೂ ಊರಿನ ದಾಖಲೆಗೆ ತಾಳೆ ನೋಡಿ, 1987ರಲ್ಲಿ ಪುಸ್ತಕವನ್ನು ಮತ್ತೆ ಹೊರತಂದರು. ಅಚ್ಚಾಗಿ 126 ವರ್ಷದ ಮೇಲೆ ಹ್ಯಾರಿಯೆಟ್‌ಗೆ ಅವಳ ಪುಸ್ತಕ ವಾಪಸ್ಸು ಸಿಕ್ಕಿತು.

ಈ ಕಾಗದಗಳಲ್ಲಿ ಒಂದು ನನ್ನನ್ನು ಬಿಡುವುದೇ ಇಲ್ಲ. 1857ರದ್ದು. ತನಗಾದ ಅನ್ಯಾಯವನ್ನು ಹೆಂಗಸು ಆಪ್ತ ಗೆಳತಿಯ ಕಿವಿಯಲ್ಲಿ ಪಿಸುಗುಟ್ಟುವುದು ಸುಲಭ, ಲೋಕ ಓದಲಿ ಅಂತ ಬರೆದಿಡುವುದು ಕಷ್ಟ ಅನ್ನುತ್ತಾಳೆ. ಅಷ್ಟೇ ಆಗಿದ್ದರೆ ಯಾರಾದರೂ ಹೇಳುವ ಮಾತು. ಮುಂದೆ ಹೇಳುವುದು ನೋಡಿ. ನಾನು ಏನನ್ನೂ ಬಿಟ್ಟಿಲ್ಲ, ಕನಿಕರ ಗಿಟ್ಟಿಸಲು ಇವಳು ಎಲ್ಲವನ್ನೂ ಸುರಿದುಬಿಟ್ಟಳು ಅಂತ ಲೋಕ ಅಂದುಕೊಳ್ಳಬಹುದಾದ್ದನ್ನು ಮಾತ್ರ ಬಿಟ್ಟಿದ್ದೇನೆ. ಈ ಅರ್ಥದ ಮಾತು.

ಅಂದರೆ, ಬಿಟ್ಟಿದ್ದಾಳೆ. ಯೋಚಿಸಿ ಬಿಟ್ಟಿದ್ದಾಳೆ. ಅಟ್ಟದ ಅಳತೆ ಅಡಿ ಲೆಕ್ಕದಲ್ಲಿ ಕೊಡುತ್ತಾಳೆ, ಕಿಂಡಿಯದ್ದು ಇಂಚಿನ ಲೆಕ್ಕದಲ್ಲಿ ಕೊಡುತ್ತಾಳೆ, ಡಾಕ್ಟರು ಕಿವಿಯಲ್ಲಿ ಏನಂದ ಅನ್ನುವುದನ್ನು ಕೊಡುವುದಿಲ್ಲ. ನಾವು ಓದುಗರು ಕೇಳುವುದು ಅದನ್ನೇ. ಏನಂದ? ಏನು ಮಾಡಿದ? ಎಷ್ಟು ಸಲ? ಪೊಲೀಸ್ ಸ್ಟೇಷನ್ನಿನಲ್ಲಿ ಕೇಳುವ ಹಾಗೆ ಕೇಳುತ್ತೇವೆ. ಅವಳು ಎಲ್ಲ ಹೇಳಿದರೆ ಮಾನಗೆಟ್ಟವಳು, ಹೇಳದಿದ್ದರೆ ಸುಳ್ಳಿ. ಅವಳು ಎರಡಕ್ಕೂ ಸಿಗದೆ ಟೇಪು ಹಿಡಿದಳು. ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇಷ್ಟೇ. ಏನನ್ನು ಹೇಳಲಿಲ್ಲ ಅನ್ನುವುದೂ ಅವಳು ಬರೆದದ್ದೇ. ಅದು ಅವಳ ಅಂಜಿಕೆ ಅಂತ ತಿಳಿದು ನಾವು ತುಂಬಲು ಹೋಗಬಾರದು.

ನಮ್ಮ ಪಕ್ಕದ ಸೀಮೆಯಿಂದ ಇನ್ನೊಂದು ಉದಾಹರಣೆ ಕೊಡುತ್ತೇನೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಫಲಟಣದಲ್ಲಿ ಬೇಬಿ ಕಾಂಬಳೆ ಇದ್ದರು. ಮಹಾರ್ ಸಮುದಾಯದವರು, ಅಂಬೇಡ್ಕರ್ ಚಳವಳಿಯಲ್ಲಿ ಬೆಳೆದವರು. ಚಿಕ್ಕ ದಿನಸಿ ಅಂಗಡಿ ನಡೆಸುತ್ತಿದ್ದರು. ಸಾಮಾನು ಕಟ್ಟಲು ಬರುತ್ತಿದ್ದ ಹಳೇ ಪೇಪರನ್ನು ಕಟ್ಟುವ ಮೊದಲು ಓದುತ್ತಿದ್ದರು. ಗಿರಾಕಿ ಇಲ್ಲದಾಗ ಬರೆಯುತ್ತಿದ್ದರು. ಬರೆದದ್ದನ್ನು ಗಂಡನ ಕಣ್ಣಿಗೂ ಮಗನ ಕಣ್ಣಿಗೂ ಬೀಳದ ಹಾಗೆ ಮೂಲೆಯಲ್ಲಿ ಬಚ್ಚಿಡುತ್ತಿದ್ದರು. ಒಂದೆರಡು ದಿನ ಅಲ್ಲ, ಸುಮಾರು ಇಪ್ಪತ್ತು ವರ್ಷ. 'ಜಿಣ ಆಮುಚ' ಪುಸ್ತಕವಾಗಿ ಬಂದದ್ದು 1986ರಲ್ಲಿ. ನಮ್ಮ ಬದುಕು ಅಂತ ಅರ್ಥ. 'ನನ್ನ' ಅಲ್ಲ, 'ನಮ್ಮ'.

ಅದರಲ್ಲಿ ಹಸಿವಿದೆ, ಜಾತಿಯ ಅವಮಾನ ಇದೆ. ಸೊಸೆಯಂದಿರನ್ನು ಅತ್ತೆಯರು ಹಿಂಸಿಸುವುದು, ಗಂಡಂದಿರು ಹೆಂಡತಿಯ ಮೂಗು ಕೊಯ್ಯುವುದು ಎಲ್ಲ ಇದೆ. ತಮ್ಮವರ ತಪ್ಪನ್ನೂ ಅವರು ಮುಚ್ಚಿಡುವುದಿಲ್ಲ. ಆದರೆ ಅವರ ಸ್ವಂತ ಗಂಡ ಪುಸ್ತಕದಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಇಂಗ್ಲಿಷಿಗೆ ಅನುವಾದ ಮಾಡಿದ ಮಾಯಾ ಪಂಡಿತ್ ಅವರು ಸಂದರ್ಶನದಲ್ಲಿ ಕೇಳಿದಾಗ ಹೊರಬಂತು. ಗಂಡ ಸಂಶಯ ಪಟ್ಟು ಹೊಡೆಯುತ್ತಿದ್ದ. ಮತ್ತೆ ಯಾಕೆ ಬರೆಯಲಿಲ್ಲ? ಎಲ್ಲ ಹೆಂಗಸರ ಗತಿಯೂ ಅದೇ ಆಗಿತ್ತು, ನನ್ನದನ್ನು ಬೇರೆಯಾಗಿ ಹೇಳುವುದೇನು ಅನ್ನುವ ಧಾಟಿಯ ಉತ್ತರ.

ಈ ಉತ್ತರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬರೆಯಬೇಕಿತ್ತು ಅಂತ ನನ್ನೊಳಗೊಂದು ದನಿ ಹೇಳುತ್ತದೆ. ಗಂಡನಿಗೂ ಸಮುದಾಯಕ್ಕೂ ಮುಜುಗರ ಆಗಬಾರದು ಅಂತ ಎಷ್ಟು ಹೆಂಗಸರು ಎಷ್ಟನ್ನು ನುಂಗಿದ್ದಾರೆ. ಮೇಲ್ಜಾತಿಯವರ ಕೈಗೆ ಕೋಲು ಕೊಟ್ಟ ಹಾಗಾಗುತ್ತದೆ ಅನ್ನೋ ಅಂಜಿಕೆಯೂ ಇದ್ದಿರಬಹುದು. ಆದರೆ ಪುಸ್ತಕ ಮತ್ತೆ ಓದಿದಾಗ ಇನ್ನೊಂದು ಕಾಣುತ್ತದೆ. ಸೊಸೆಯಂದಿರ ಆ ಪುಟಗಳನ್ನು ಬರೆದ ಕೈಗೆ ಪೆಟ್ಟು ಅಂದರೆ ಏನು ಅಂತ ಕೇಳಿ ಗೊತ್ತಿದ್ದದ್ದಲ್ಲ. ಅವರು ತಮ್ಮದನ್ನು ಬಿಡಲಿಲ್ಲ, ಎಲ್ಲರದ್ದರ ಜೊತೆ ಸೇರಿಸಿ ಬರೆದರು. ಈಗಲೂ ನನ್ನಲ್ಲಿ ಈ ಜಗಳ ಮುಗಿದಿಲ್ಲ.

ನನ್ನ ಮಾತು ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಿ.

(ಪ್ರಶ್ನೆಗಳು ಬಂದವು. ಗಂಡಸರ ಆತ್ಮಕಥೆಯಲ್ಲೂ ನೋವಿಲ್ಲವೇ ಅಂತ ಒಬ್ಬರು ಕೇಳಿದರು. ಇದೆ, ಆದರೆ ಅದನ್ನು ನಿಜವೇ ಅಂತ ಅವರ ಯಜಮಾನಿತಿಗೆ ಯಾರೂ ಕಾಗದ ಬರೆದು ಕೇಳುವುದಿಲ್ಲ ಅಂದೆ. ಸ್ವಲ್ಪ ಒರಟಾಯಿತೇನೋ. ಕಾರ್ಯಕ್ರಮ ಮುಗಿದು ಎಲ್ಲರೂ ಉಪ್ಪಿಟ್ಟಿನ ಕಡೆ ಹೋದ ಮೇಲೆ, ಐವತ್ತರ ಆಸುಪಾಸಿನ ಒಬ್ಬರು ನನ್ನ ಪಕ್ಕ ಬಂದು ನಿಂತರು. ಅವರು ಕೇಳಿದ್ದನ್ನು ಬರೆಯಬಹುದೇ ಅಂತ ಕೇಳಿ, ಹೆಸರು ಬೇಡ ಅಂದಮೇಲೆ, ಬರೆಯುತ್ತಿದ್ದೇನೆ.)

'ಮೇಡಂ, ನಾನೂ ಸ್ವಲ್ಪ ಬರೆದಿಟ್ಟಿದ್ದೀನಿ. ನೋಟ್‌ಬುಕ್ಕು ಅಕ್ಕಿ ಡಬ್ಬದ ಹಿಂದೆ ಇದೆ. ಮಕ್ಕಳು ಓದಿಬಿಟ್ಟರೆ?'

ನಾನು ಭಾಷಣದಲ್ಲಿ ಬಿಟ್ಟಿದ್ದ ಎರಡು ಪ್ರಸಂಗ ಹೇಳಿದೆ. ಹ್ಯಾರಿಯೆಟ್ ಅಟ್ಟದಿಂದ ಇಳಿದು ಹಡಗಿಗೆ ಹೊರಡುವ ದಿನ ಮಗನನ್ನು ಕರೆದು, ನಾನು ಇಷ್ಟು ದಿನ ಇಲ್ಲೇ ಇದ್ದೆ ಅಂತ ಹೇಳುತ್ತಾಳೆ. ಹುಡುಗನಿಗೆ ಗೊತ್ತಿತ್ತು. ಎಂದೋ ಒಂದು ದಿನ ಮೇಲಿನಿಂದ ಕೆಮ್ಮು ಕೇಳಿಸಿತ್ತು. ಅಲ್ಲಿಂದ ಮುಂದೆ ಬೇರೆ ಮಕ್ಕಳು ಆ ಕಡೆ ಆಡಲು ಬಂದರೆ ಅವನೇ ಉಪಾಯದಿಂದ ದೂರ ಕರೆದುಕೊಂಡು ಹೋಗುತ್ತಿದ್ದ. ಇನ್ನೊಂದು ಮಗಳದ್ದು. ಎಷ್ಟೋ ವರ್ಷದ ಮೇಲೆ, ಮಗಳು ದೂರದ ಶಾಲೆಗೆ ಹೊರಟಾಗ, ನಿನ್ನ ಅಪ್ಪನ ವಿಷಯ ಹೇಳಬೇಕು ಅಂತ ತಾಯಿ ನಡುಗುತ್ತಾ ಶುರು ಮಾಡುತ್ತಾಳೆ. ಮಗಳು ತಡೆಯುತ್ತಾಳೆ. ನನಗೆ ಎಲ್ಲಾ ಗೊತ್ತು ಅಮ್ಮ ಅನ್ನುತ್ತಾಳೆ.

ಅವರು ಏನೂ ಅನ್ನಲಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ಆ ಸೀಮೆಸುಣ್ಣದ ಗೆರೆ ನೋಡುತ್ತಿದ್ದರು. ಆಮೇಲೆ, 'ಹಾಗಾದರೆ ನಮ್ಮ ಹುಡುಗಿ ಹೋದ ವಾರ ಅಕ್ಕಿ ಡಬ್ಬ ಯಾಕೆ ಸರಿಸಿದ್ದಳು?' ಅಂದರು.